ಗೋವಾದ ಗ್ಲಾಸಿಗೆ ತೊಗರ್ಸಿಯ ತುರಿಮಣೆ

ಗೋವಾಕ್ಕೆ ಹೋಗಿಬಂದ ಗಂಡಸರಿಗೆ ಎರಡು ಕಾಯಿಲೆ ಅಂಟಿಕೊಳ್ಳುತ್ತವೆ. ಒಂದು, ಊರೊಳಗೂ ಹೂವಿನ ಚಡ್ಡಿಯಲ್ಲೇ ತಿರುಗುವುದು. ನಮ್ಮ ತೊಗರ್ಸಿಯಲ್ಲಿ ಮಲ್ಲಿಕಾರ್ಜುನನ ಗುಡಿಯ ದಾರಿಯಲ್ಲಿ ಹಿರಿಯರೊಬ್ಬರು ಎದುರಾದರೆ ಸಾಕು, ಅದು ತಾನಾಗಿಯೇ ವಾಸಿ. ಇನ್ನೊಂದು, ಅಲ್ಲಿ ಕುಡಿದದ್ದನ್ನು ಮನೆಯಲ್ಲಿ ಮಾಡಿ ತೋರಿಸುತ್ತೇನೆ ಎನ್ನುವುದು. ಅದಕ್ಕೆ ಮದ್ದಿಲ್ಲ.

ಗೆಳೆಯರ ಜೊತೆ ಹೋಗಿದ್ದ ನಮ್ಮ ಭಾವ ಹೊತ್ತು ತಂದದ್ದು ಈ ಎರಡನೆಯದನ್ನು. ಹೆಸರು ಪೀನಾ ಕೊಲಾಡಾ. ಅನಾನಸ್ ರಸ, ಕಾಯಿಹಾಲಿನ ಕೆನೆ, ಬಿಳಿ ರಮ್, ಪುಡಿ ಐಸು, ಮೇಲೊಂದು ಕಾಗದದ ಪುಟಾಣಿ ಕೊಡೆ. “ಇದರಲ್ಲಿ ನಮ್ಮಲ್ಲಿ ಇಲ್ಲದ್ದು ಏನಿದೆ?” ಎಂದು ಭಾವ ಕೇಳಿದರು. ಮಾತೇನೋ ಸರಿ. ಸೊರಬ, ಬನವಾಸಿ ಕಡೆ ಹೋದರೆ ಅನಾನಸ್ ತೋಟಗಳೇ ತೋಟಗಳು. ಕಾಯಿ ಹಿತ್ತಲಲ್ಲೇ ಬೀಳುತ್ತದೆ. ಕೊಡೆಗೆ ಮಲೆನಾಡಿನ ಸೆರಗಿನಲ್ಲಿರುವ ನಮಗೆ ಬರವೇ? ಉಳಿದದ್ದು ರಮ್. ಅವರ ತಾಯಿ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿರುವ ತನಕ ಅದರ ಹೆಸರೆತ್ತುವ ಎದೆಗಾರಿಕೆ ಭಾವನವರಿಗಿಲ್ಲ. ಹಾಗಾಗಿ ಅದಿಲ್ಲದೆಯೇ ಮಾಡುವುದೆಂದು ತೀರ್ಮಾನವಾಯಿತು.

ಈ ಪಾನೀಯದ ತವರು ಗೋವಾ ಅಲ್ಲ, ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪ. ಅಲ್ಲಿನ ಸ್ಯಾನ್ ವಾನ್ ಊರಿನ ಕರೀಬ್ ಹಿಲ್ಟನ್ ಹೋಟೆಲಿನವರು, 1954ರಲ್ಲಿ ನಮ್ಮ ರಾಮೋನ್ ಮರ್ರೆರೊ ಕಲೆಸಿದ್ದು ಎನ್ನುತ್ತಾರೆ. ಅದೇ ಊರಿನ ಬರ್ರಾಚಿನಾ ಹೋಟೆಲಿನವರು, ಅಲ್ಲವೇ ಅಲ್ಲ, 1963ರಲ್ಲಿ ನಮ್ಮಲ್ಲಿ ಹುಟ್ಟಿದ್ದು ಎಂದು ಗೋಡೆಗೆ ಫಲಕವನ್ನೇ ಹಾಕಿದ್ದಾರೆ. 1978ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಾಡಿನ ಪಾನೀಯವೆಂದು ಸಾರಿತು. ಅಪ್ಪ ಯಾರೇ ಆಗಿರಲಿ, ಸೂಲಗಿತ್ತಿ ಮಾತ್ರ ಒಬ್ಬರೇ: ರಾಮೋನ್ ಲೋಪೆಸ್ ಇರಿಸಾರಿ. ಕಾಯಿಯಿಂದ ಕೆನೆ ತೆಗೆಯುವ ಕೈಕೆಲಸವನ್ನು ಯಂತ್ರಕ್ಕೆ ಹಚ್ಚಿ, ಸಕ್ಕರೆ ಬೆರೆಸಿ, ‘ಕೊಕೊ ಲೋಪೆಸ್’ ಎಂದು ಡಬ್ಬಿಗೆ ತುಂಬಿದ ಪುಣ್ಯಾತ್ಮ. ಬಾರಿನವರು ಮುಚ್ಚಳ ತೆಗೆದರು, ಸುರಿದರು, ಹೆಸರು ಮಾಡಿದರು. ತುರಿಯುವ ಕಷ್ಟ ತಪ್ಪಿದ ಮೇಲಷ್ಟೇ ಈ ಸುಖ ಹುಟ್ಟಿದ್ದು.

ತೊಗರ್ಸಿಯಲ್ಲಿ ಆ ಡಬ್ಬಿಯ ಹೆಸರು ಅಕ್ಕ.

ಭಾವ ಕುರ್ಚಿಯಲ್ಲಿ ಕೂತು ಗೋವಾದ ಅಲೆಗಳನ್ನು ಬಣ್ಣಿಸಿದರು. ಅಕ್ಕ ತುರಿಮಣೆ ಮೇಲೆ ಕೂತು ಕಾಯಿ ತುರಿದಳು, ರುಬ್ಬಿದಳು, ಬಟ್ಟೆಯಲ್ಲಿ ಹಿಂಡಿ ಮೊದಲ ಹಾಲು ತೆಗೆದಳು. ಅರ್ಧ ಲೋಟವೂ ಆಗಲಿಲ್ಲ. “ಇನ್ನೂ ಗಟ್ಟಿ ಇತ್ತು ಕಣೇ ಅಲ್ಲಿ,” ಎಂದರು ಭಾವ. ಅಕ್ಕ ಕೈ ತೊಳೆದು ಎದ್ದಳು.

ಭಾವ ಸೋಲಲಿಲ್ಲ. ಆಕಳ ಹಾಲಿನ ಕೆನೆಯನ್ನೇ ಹಸಿ ಅನಾನಸ್ ಜೊತೆ ಮಿಕ್ಸಿಗೆ ಹಾಕಿ ತಿರುಗಿಸಿಟ್ಟರು. ಸ್ವಲ್ಪ ಹೊತ್ತಿಗೆ ಅದು ಒಡೆದು ಕಹಿಯಾಗಿ ಕೂತಿತ್ತು. ಹಸಿ ಅನಾನಸಿನಲ್ಲಿ ಬ್ರೊಮೆಲೇನ್ ಎಂಬ ಕಿಣ್ವವಿದೆ. ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುವುದೇ ಅದರ ಕಸುಬು. ಕಾಯಿಹಾಲಿನಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ಅಲ್ಲಿ ಅದರ ಆಟ ಅಷ್ಟಾಗಿ ನಡೆಯದು. ಬೇಯಿಸಿದರಂತೂ ಕಿಣ್ವ ಸತ್ತೇ ಹೋಗುತ್ತದೆ. ಅನಾನಸ್ ಕೇಸರಿಬಾತು ಯಾವ ಮದುವೆಮನೆಯಲ್ಲೂ ಕಹಿಯಾಗದ್ದು ಅದಕ್ಕೇ.

ಇಷ್ಟಾದರೂ ನನಗೆ ಅರ್ಥವಾಗದ್ದೊಂದಿದೆ. ಹಬ್ಬ ಬಂತೆಂದರೆ ಅಕ್ಕ ಒತ್ತುಶ್ಯಾವಿಗೆ ಮಾಡಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು ಸುರಿಯುತ್ತಾಳೆ. ಭಾವ ಮೂರು ಸಲ ಬಡಿಸಿಕೊಂಡು, “ಉಪ್ಪಿನಕಾಯಿ ಎಲ್ಲಿ?” ಎಂದಷ್ಟೇ ಕೇಳುತ್ತಾರೆ. ಅದರ ಮೇಲೆ ಈವರೆಗೆ ಯಾರೂ ಕೊಡೆ ಚುಚ್ಚಿಲ್ಲ, ಫೋಟೋ ತೆಗೆದಿಲ್ಲ.

ಮೊನ್ನೆ ಅಕ್ಕನೇ ಮಾತು ತೆಗೆದಳು: “ರೀ, ಮುಂದಿನ ಸಲ ಗೋವಾಕ್ಕೆ ನಾನೂ ಬರ್ತೀನಿ. ಅಲ್ಲಿ ಕಾಯಿ ಯಾರು ತುರೀತಾರೆ ಅಂತ ಒಮ್ಮೆ ನೋಡಬೇಕು.”

ಭಾವನವರಿಗೆ ಈಗ ಮಜ್ಜಿಗೆಯೇ ಬಹಳ ಹಿತವಂತೆ.