ಸಂಗೀತ ಹವಾಮೀಮಾಂಸೆ ಅರ್ಥಾತ್ ನಾಟಕ ಹೆಂಗಾತೋ ತಮ್ಮಾ

ಗೆದ್ದ ನಾಟಕವನ್ನು ಜನ ಯಾಕೆ ಹೊಗಳುತ್ತಾರೆ ಎಂಬುದಕ್ಕೆ ಶಾಸ್ತ್ರವಿದೆ. ಅದೇ ನಾಟಕವನ್ನು ಅದೇ ಜನ, ಅದೇ ರಾತ್ರಿ, ಮನೆಗೆ ಹೋಗುವ ದಾರಿಯಲ್ಲಿ ಯಾಕೆ ಹಳಿಯುತ್ತಾರೆ ಎಂಬುದಕ್ಕೆ ಇಲ್ಲ. ಈ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧ ಹುಟ್ಟಿದೆ. ಇದನ್ನು ಬರೆಯಿರೆಂದು ಯಾರೂ ಕೇಳಲಿಲ್ಲವಾದ್ದರಿಂದ ಇದರ ನಿಷ್ಪಕ್ಷಪಾತವನ್ನು ಯಾರೂ ಶಂಕಿಸುವಂತಿಲ್ಲ.

ಅಧ್ಯಯನಕ್ಕೆ ಬೆಳಗಾವಿ ಜಿಲ್ಲೆಯ ನೇಸರಗಿಯನ್ನು ಆರಿಸಿದ ಕಾರಣ ಶುದ್ಧ ಭೌಗೋಳಿಕವಾದದ್ದು. ಊರಿನ ಉತ್ತರಕ್ಕೆ ಗೋಕಾಕ ಸೀಮೆ. ಕುಲಗೋಡ ತಮ್ಮಣ್ಣ ಮೆರೆಸಿದ, ಕೌಜಲಗಿ ನಿಂಗಮ್ಮ ಹಾಡಿ ಹೆಸರಾದ ಶ್ರೀಕೃಷ್ಣ ಪಾರಿಜಾತದ ನೆಲ ಅದು. ದಕ್ಷಿಣಕ್ಕೆ ಬೈಲಹೊಂಗಲ, 'ಸಂಗ್ಯಾ ಬಾಳ್ಯಾ' ಸಣ್ಣಾಟದ ಊರು. ಸವದತ್ತಿ ಕಡೆಗೆ ತಿರುಗಿದರೆ ಒಂದೆಡೆ ರಂಗನಟ ಏಣಗಿ ಬಾಳಪ್ಪನವರ ಏಣಗಿ, ಇನ್ನೊಂದೆಡೆ ಮರಾಠಿ ಸಂಗೀತ ನಾಟಕದ ಜನಕ ಅಣ್ಣಾಸಾಹೇಬ ಕಿರ್ಲೋಸ್ಕರರ ಗುರ್ಲಹೊಸೂರು. ಪಶ್ಚಿಮದ ಬಗ್ಗೆ ಸಂಶೋಧನೆ ಮುಂದುವರಿದಿದೆ. ಮೂರು ದಿಕ್ಕಿನಿಂದ ಹಾರ್ಮೋನಿಯಂ ಕೇಳಿಸುವ ಜಾಗದಲ್ಲಿ ಕೂತ ಮನುಷ್ಯನಿಗೆ ನಾಟಕದ ಬಗ್ಗೆ ಅಭಿಪ್ರಾಯ ಇಲ್ಲದಿರುವುದು ಸಾಧ್ಯವಿಲ್ಲ. ಇದ್ದ ಅಭಿಪ್ರಾಯ ಒಂದೇ ಆಗಿರುವುದಂತೂ ಸಾಧ್ಯವೇ ಇಲ್ಲ.

ಮೊದಲು ಪೂರ್ವಾಚಾರ್ಯರಿಗೆ ವಂದನೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಒಂದು ಇಡೀ ಅಧ್ಯಾಯವನ್ನು, ಇಪ್ಪತ್ತೇಳನೆಯದನ್ನು, ನಾಟಕ ಗೆದ್ದಿತೋ ಸೋತಿತೋ ಎಂದು ಅಳೆಯುವುದಕ್ಕೇ ಮೀಸಲಿಟ್ಟಿದ್ದಾನೆ. ಗೆಲುವಿನಲ್ಲಿ ಅವನು ಎರಡು ಬಗೆ ಹೇಳುತ್ತಾನೆ: ಮಾನುಷೀ ಸಿದ್ಧಿ, ದೈವೀ ಸಿದ್ಧಿ. ಪ್ರೇಕ್ಷಕರು ನಗುವುದು, ಸಾಧು ಎನ್ನುವುದು, ಅಹೋ ಎಂದು ಬೆರಗಾಗುವುದು, ರೋಮಾಂಚಗೊಂಡು ಎದ್ದು ನಿಲ್ಲುವುದು, ಮೈಮೇಲಿನ ಬಟ್ಟೆ, ಬೆರಳಿನ ಉಂಗುರ ತೆಗೆದು ಕೊಡುವುದು, ಇವೆಲ್ಲ ಮಾನುಷೀ. ನಮ್ಮ ಸೀಮೆಯಲ್ಲಿ ಉಂಗುರದ ಬದಲು ಆಯೇರಿ ಉಂಟು. ಭರತನ ಕಾಲದಲ್ಲಿ ಮೈಕು ಇರಲಿಲ್ಲವಾದ್ದರಿಂದ ಅವನ ವಿವರಣೆ ಅಷ್ಟರಮಟ್ಟಿಗೆ ಅಪೂರ್ಣ. "ಗಂಗಿ ಪಾತ್ರಧಾರಿಯ ಹಾಡು ಮೆಚ್ಚಿ ಐವತ್ತು ರೂಪಾಯಿ, ಹೆಸರು ಹೇಳಬ್ಯಾಡ್ರಿ ಅಂದಾರ" ಎಂದು ಮೈಕಿನಲ್ಲಿ ಕೂಗಿದಾಗ ಕೊಟ್ಟವನು ಯಾರೆಂದು ಇಡೀ ಊರಿಗೆ, ಅವನ ಹೆಂಡತಿಗೂ ಸೇರಿ, ತಿಳಿಯುತ್ತದೆ. ಸಿದ್ಧಿ ಪೂರ್ಣವಾಗುವುದು ಆ ಗಳಿಗೆಯಲ್ಲಿ.

ದೈವೀ ಸಿದ್ಧಿ ಎಂದರೆ ರಂಗಮಂದಿರ ತುಂಬಿರಬೇಕು, ಸದ್ದಿರಬಾರದು, ಗಲಭೆ ಇರಬಾರದು. ಇಲ್ಲಿ ಮುನಿಗೂ ನೇಸರಗಿಗೂ ಭಿನ್ನಾಭಿಪ್ರಾಯ. ನಮ್ಮಲ್ಲಿ ಬಯಲು ತುಂಬ ಜನರಿದ್ದೂ ಸದ್ದಿಲ್ಲವೆಂದರೆ ಕರೆಂಟು ಹೋಗಿದೆ ಎಂದೇ ಅರ್ಥ.

ಇನ್ನು ಸಂಶಯದ ವಿಷಯ. ಗೆಲ್ಲುತ್ತಿರುವ ನಾಟಕಕ್ಕೆ ಶತ್ರುಗಳಿಂದ ಬರುವ ವಿಘ್ನಗಳನ್ನು ಭರತ ಪಟ್ಟಿ ಮಾಡುತ್ತಾನೆ: ಅತಿಯಾಗಿ ನಗುವುದು, ಕೂಗುವುದು, ಸಗಣಿ, ಹೆಂಟೆ ಎಸೆಯುವುದು. ಜೊತೆಗೆ ಇರುವೆ ಎಸೆಯುವುದು. ಇರುವೆಗಳನ್ನು ರಂಗಸ್ಥಳದವರೆಗೆ ಯಾವುದರಲ್ಲಿ ತರುತ್ತಿದ್ದರು, ದಾರಿಯಲ್ಲಿ ತಂದವನನ್ನೇ ಅವು ಏನು ಮಾಡುತ್ತಿದ್ದವು ಎಂಬುದನ್ನು ಮುನಿ ವಿವರಿಸಿಲ್ಲ. ಅಂತೂ ಹಿಟ್ ನಾಟಕಕ್ಕೆ ವಿರೋಧ ಹೊಸದಲ್ಲ. ಅದಕ್ಕಾಗಿ ಆಗಿನವರು ಪಟ್ಟ ಶ್ರಮದ ಮುಂದೆ ಈಗಿನವರದು ಬರೀ ಬಾಯಿಮಾತು. ನೇಸರಗಿಯಲ್ಲಿ ಸಗಣಿ ಎಸೆದ ಉದಾಹರಣೆ ಪ್ರಬಂಧಕಾರನಿಗೆ ಸಿಕ್ಕಿಲ್ಲ. ಸಗಣಿಗೆ ಹೊಲದಲ್ಲಿ ಬೇರೆ ಕೆಲಸವಿದೆ.

ಆದರೆ ಭರತ ಸಂಶಯಿಯನ್ನು ಶತ್ರುವೆಂದು ಎಣಿಸಿದನಲ್ಲ, ನಮ್ಮ ಮುಖ್ಯ ತಕರಾರು ಅದರ ಮೇಲೆ. ಸಂಗ್ಯಾ ಬಾಳ್ಯಾನನ್ನೇ ತೆಗೆದುಕೊಳ್ಳೋಣ. ಬೈಲಹೊಂಗಲದಲ್ಲಿ ನಡೆದ ಕೊಲೆಯನ್ನು ಆಧರಿಸಿ ಪತ್ತಾರ ಮಾಸ್ತರ ಕಟ್ಟಿದ್ದೆಂದು ಹೇಳುವ ಸಣ್ಣಾಟ. ಮುಂದೆ ಚಂದ್ರಶೇಖರ ಕಂಬಾರರು ಸಂಪಾದಿಸಿ ಪುಸ್ತಕಕ್ಕೆ ತಂದರು. ಸಿರಿವಂತ ಸಂಗ್ಯಾ ಗೆಳೆಯ ಈರಣ್ಣನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಈರಣ್ಣ ವ್ಯಾಪಾರಕ್ಕೆ ಹೋದಾಗ ಬಾಳ್ಯಾ ದಾರಿ ಮಾಡಿಕೊಡುತ್ತಾನೆ. ಕೊನೆಗೆ ಆ ಬಾಳ್ಯಾನೇ ಕೈಕೊಟ್ಟು, ಸಂಗ್ಯಾ ಕೊಲೆಯಾಗುತ್ತಾನೆ. ಕಥೆಯಲ್ಲಿ ಗುಟ್ಟೇನೂ ಉಳಿದಿಲ್ಲ, ಕೂಸಿಗೂ ಗೊತ್ತು. ಸಂಗ್ಯಾ ಸಾಯುತ್ತಾನೋ ಇಲ್ಲವೋ ಎಂದು ನೋಡಲು ಯಾರೂ ಬರುವುದಿಲ್ಲ. ಸರಿಯಾಗಿ ಸಾಯುತ್ತಾನೋ ಇಲ್ಲವೋ ಎಂದು ನೋಡಲು ಬರುತ್ತಾರೆ.

ಮತ್ತು ಅವನು ಎಂದೂ ಸರಿಯಾಗಿ ಸತ್ತಿಲ್ಲ. ಯಾಕೆಂದರೆ ಎದುರಿಗೆ ಕೂತವರಲ್ಲಿ ಅರ್ಧ ಜನ ತಾವೇ ಒಂದು ಕಾಲಕ್ಕೆ ಸಂಗ್ಯಾ ಆಗಿ ಸತ್ತವರು. ಪ್ರಬಂಧದ ಸಿದ್ಧಾಂತ ಇದೇ. ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೊಂದು ನಾಟಕ ಆಗಲೇಬೇಕು. ಹುಡುಗರು ರೊಕ್ಕದ ಪಟ್ಟಿ ಹಾಕುತ್ತಾರೆ. ಪಾತ್ರ ದೊಡ್ಡದಿದ್ದಷ್ಟೂ ಪಟ್ಟಿ ದೊಡ್ಡದು. ಮಾಸ್ತರ ಬರುತ್ತಾನೆ, ಗುಡಿಯಲ್ಲಿ ತಾಲೀಮು ನಡೆಯುತ್ತದೆ, ನಟಿಯನ್ನು ಬೇರೆ ಊರಿನಿಂದ ಕರೆಸುತ್ತಾರೆ. ಒಂದು ರಾತ್ರಿ ಬಣ್ಣ ಹಚ್ಚಿದವನು ಮುಂದೆ ಸೊಸೈಟಿ ಚೇರಮನ್ ಆಗಲಿ, ಕಬ್ಬಿನ ಟ್ರ್ಯಾಕ್ಟರ್ ಓಡಿಸಲಿ, ಒಳಗಿನಿಂದ ಅವನು ರಿಟೈರಾದ ಸಂಗ್ಯಾನೇ. ಬೇರೆ ಕಡೆ ನಾಟಕದ ವಿಮರ್ಶಕನಾಗಲು ಓದಬೇಕಾಗುತ್ತದೆ. ಇಲ್ಲಿ ಮೊದಲು ಪಟ್ಟಿ ಕೊಟ್ಟಿರಬೇಕು.

ಸಾಕ್ಷ್ಯವಾಗಿ ಒಂದು ಸಂವಾದ, ಯಾವ ವರ್ಷದ್ದೆಂದರೂ ನಡೆದೀತು:

"ಹೆಂಗಾತೋ ತಮ್ಮಾ ನಾಟಕ?"

"ಭಾರೀ ಆತು ಕಾಕಾ. ಮಂದಿ ಅಂದ್ರ ಮಂದಿ. ವನ್ಸ್ ಮೋರ್ ಮ್ಯಾಲ ವನ್ಸ್ ಮೋರ್."

"ಹಾಡು?"

"ಹಾಡು ಛಲೋನ ಹಾಡಿದ. ಖರೆ ಶ್ರುತಿ ಇಳಿಸಿಕೊಂಡಿದ್ದ. ನಾವು ಹಾಡೂ ಮುಂದ ಕರೀ ಎರಡಕ್ಕ ಹಾಡತಿದ್ವಿ."

"ನೀ ಹಾಡಿದಾಗ ನಾ ಇದ್ದೆ ಬಿಡೋ. ಹಾರ್ಮೋನಿಯಂ ಮಾಸ್ತರ ಅತ್ತಿದ್ದ."

ಈ ಸಂವಾದದಲ್ಲಿ ಹೊಗಳಿಕೆ ಎಲ್ಲಿ ಮುಗಿಯಿತು, ಸಂಶಯ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಎರಡೂ ಒಂದೇ ಬಾಯಿಂದ ಬರುತ್ತವೆ. ಮೇಲಾಗಿ ಈ ಮಾತು ಕೇಳಿದ ಮೂರನೆಯವನು ಮರುದಿನ ನೋಡಲು ಹೊರಡುವುದು ವನ್ಸ್ ಮೋರ್ ಕಾರಣಕ್ಕಲ್ಲ. ಶ್ರುತಿ ನಿಜಕ್ಕೂ ಇಳಿದಿತ್ತೋ ಎಂದು ತಾನೇ ಪರೀಕ್ಷಿಸಲಿಕ್ಕೆ. ಜೀಪಿನ ಮೇಲೆ ಮೈಕು ಕಟ್ಟಿ ಕೂಗಿಸುವ ಕಂಪನಿಯ ಮ್ಯಾನೇಜರನಿಗೆ ಈ ರಹಸ್ಯ ಗೊತ್ತಿದ್ದರೆ ಅವನು ಪೆಟ್ರೋಲಿನ ರೊಕ್ಕ ಉಳಿಸಿ ಚಹಾದಂಗಡಿಯ ಮುಂದೆ ನಾಲ್ಕು ಜನ ಮಾಜಿ ಸಂಗ್ಯಾಗಳನ್ನು ಕೂಡಿಸುತ್ತಿದ್ದ.

ಅಪವಾದವಿಲ್ಲದ ಸಿದ್ಧಾಂತವನ್ನು ವಿದ್ವಾಂಸರು ನಂಬುವುದಿಲ್ಲವಾದ್ದರಿಂದ ಒಂದನ್ನು ಕೊಡುತ್ತೇವೆ. ಏಣಗಿ ಬಾಳಪ್ಪನವರು (1914–2017) ತಮ್ಮ ಕಲಾವೈಭವ ನಾಟ್ಯಸಂಘದ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಬಸವಣ್ಣನಾಗಿ ನಿಂತಾಗ ನಮ್ಮ ಸಂಶಯಿಗಳು ಕೈಮುಗಿದರು. ಆದರೆ ಮುಗಿದ ಕೈಯನ್ನು ಅವರು ಸುಮ್ಮನೆ ಬಿಡಲಿಲ್ಲ, ಅಳತೆಗೋಲು ಮಾಡಿಕೊಂಡರು. ಅಲ್ಲಿಂದ ಮುಂದೆ ಯಾವ ಬಸವಣ್ಣ ರಂಗಕ್ಕೆ ಬಂದರೂ ಒಂದೇ ತೀರ್ಪು: "ಬಾಳಪ್ಪಜ್ಜನ್ನ ನೋಡಿದವರಿಗೆ ಇದು ಹತ್ತೂದಿಲ್ಲ." ಬಾಳಪ್ಪಜ್ಜ ಬಣ್ಣ ಬಿಟ್ಟ ಮೇಲೆ ಹುಟ್ಟಿದವರು ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ.

ಇನ್ನು ಇತಿಹಾಸ. ನಮ್ಮವರ ಸಂಶಯ ಹೀಗೆ ನಂಜಿನಂತೆ ಮೈಗಿಳಿಯಲು ಹಳೆಯ ಕಾರಣವೊಂದಿದೆ, ಇಲ್ಲಿ ಸ್ವಲ್ಪ ಗಂಭೀರವಾಗಬೇಕು. ಉತ್ತರ ಕನ್ನಡ ಕಡೆಯ ಭಾಗವತರ ಮೇಳ ಸಾಂಗಲಿಯಲ್ಲಿ ಆಡಿದ್ದನ್ನು ಕಂಡು ಅಲ್ಲಿನ ದೊರೆ ಅಂಥದ್ದೇ ಬೇಕೆಂದು ಆಸೆಪಟ್ಟರು, ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದರು. ಮರಾಠಿ ನಾಟಕದ ಹುಟ್ಟು ಅದೇ ಎನ್ನುತ್ತಾರೆ. ಅದೇ 1843ರಲ್ಲಿ ಗುರ್ಲಹೊಸೂರಿನಲ್ಲಿ ಬಲವಂತ ಪಾಂಡುರಂಗ ಅರ್ಥಾತ್ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಬಯಲಾಟದ ಹಾಡು ರಾತ್ರಿಯಿಡೀ ಕಿವಿಗೆ ಬೀಳುವ ಸೀಮೆಯ ಆ ಹುಡುಗ ಪುಣೆಗೆ ಹೋಗಿ 1880ರಲ್ಲಿ 'ಸಂಗೀತ ಶಾಕುಂತಲ' ಆಡಿದ, ಪುಣೆ ಹುಚ್ಚೆದ್ದಿತು. ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗೆ ಬಂದು ಡೇರೆ ಹಾಕಿದಾಗ ನಮ್ಮವರು ಟಿಕೆಟ್ಟು ಕೊಂಡು ಒಳಗೆ ಹೋದರು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ಮಾರಿ, ಅದೇ ಹತ್ತಿಯ ಅಂಗಿಯನ್ನು ನಾಲ್ಕು ಪಟ್ಟು ಕೊಟ್ಟು ತಂದವನ ಮುಖ ಆಗ ಅವರದಾಗಿತ್ತು. ಕನ್ನಡದ ಊರುಗಳಲ್ಲಿ ಮರಾಠಿ ಹಾಡು ಗುನುಗುವುದು ಸಹಿಸದೆ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕನ್ನಡದ ಮಂಡಳಿ ಕಟ್ಟಿದರು. ಗೆದ್ದ ನಾಟಕದ ಹವಾಕ್ಕೆ ಸಂಶಯದಿಂದ ಉತ್ತರ ಕೊಡುವುದು ಸುಲಭ, ನಾಟಕದಿಂದ ಉತ್ತರ ಕೊಟ್ಟವರು ಅವರು. ಅತ್ತ ಪುಣೆ ಗೆದ್ದ ಕಿರ್ಲೋಸ್ಕರರು 1885ರಲ್ಲಿ ತೀರಿಕೊಂಡದ್ದು ಗುರ್ಲಹೊಸೂರಿನಲ್ಲೇ. ಹೀಗಾಗಿ ಗೆದ್ದ ಸಂಗೀತ ನಾಟಕ ಯಾವ ದಿಕ್ಕಿನಿಂದ ಬಂದರೂ ಸವದತ್ತಿ ಸೀಮೆಯವರಿಗೆ ಮೊದಲು ಬರುವ ಯೋಚನೆ "ಇದು ನಮ್ಮದ ಅಲ್ಲೇನು?" ಎಂಬುದು, "ಎಷ್ಟು ಚೆಂದ" ಎಂಬುದು ಆಮೇಲಿನದು.

ತೌಲನಿಕ ಅಧ್ಯಯನವಿಲ್ಲದ ಪ್ರಬಂಧಕ್ಕೆ ಪದವಿ ಸಿಗದು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' 1988ರಿಂದ 2023ರವರೆಗೆ 13,981 ಪ್ರಯೋಗ ಕಂಡಿತು. ಈ ಅಂಕಿಗೆ ನೇಸರಗಿಯ ಪ್ರತಿಕ್ರಿಯೆ ಏನಿದ್ದೀತೆಂದು ತರ್ಕದಿಂದಲೇ ಸಾಧಿಸಬಹುದು: ಅಷ್ಟು ಸರ್ತಿ ಆಡಿದ ಮೇಲೂ ಚೆಂದ ಆಗದಿದ್ದರ ಹೆಂಗ? ರಂಗಾಯಣ 2010ರಲ್ಲಿ ಮೈಸೂರಿನಲ್ಲಿ 'ಮಲೆಗಳಲ್ಲಿ ಮದುಮಗಳು' ತಂದು ಜನರನ್ನು ರಾತ್ರಿಯಿಡೀ ಕೂಡಿಸಿತು, ಪತ್ರಿಕೆಗಳು ಬೆರಗಾದವು. ಕಂಬಳಿ ಹೊದ್ದು ಸಣ್ಣಾಟ ನೋಡಿ ಬೆಳಗಿನ ಜಾವ ಸೀದಾ ಹೊಲಕ್ಕೆ ಹೋಗುವವರಿಗೆ ಇದರಲ್ಲಿ ಸುದ್ದಿ ಯಾವುದೆಂದು ತಿಳಿಯಲಿಲ್ಲ. ಆ ನಾಟಕ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ರಾತ್ರಿಯಿಡೀ ಎಂಬ ಬೆರಗಿಗೆ ಮಾತ್ರ ಇಲ್ಲಿ ಗಿರಾಕಿ ಇಲ್ಲ.

ಕಂಪನಿ ಮಾಲೀಕರಿಗೆ ಅನ್ವಯಿಕ ಸೂಚನೆಗಳು. ಬನಶಂಕರಿ ಜಾತ್ರೆಯಲ್ಲಿ ಡೇರೆಗೆ ಡೇರೆ ತಾಗಿರುವಾಗ ನೂರನೆಯ ಪ್ರಯೋಗವೆಂದು ಫಲಕ ಹಾಕಿದರೆ ನಮ್ಮವನು ಪಕ್ಕದ ಡೇರೆಗೆ ಹೋಗುತ್ತಾನೆ. ಹಾಡು ಬರದ ಹೊಸ ಹುಡುಗ ಸಂಗ್ಯಾ ಆಗಿದ್ದಾನೆಂದು ಪಿಸುಗುಟ್ಟಿಸಿದರೆ ಮೂವರನ್ನು ಕರಕೊಂಡು ಬರುತ್ತಾನೆ. ಮಾಜಿ ಸಂಗ್ಯಾಗಳಿಗೆ ಮುಂದಿನ ಸಾಲು ಕೊಡಬೇಕು, ಬಿಟ್ಟಿ ಪಾಸು ಕೊಡಬಾರದು: ರೊಕ್ಕ ಕೊಡದವನ ಸಂಶಯಕ್ಕೆ ಊರಲ್ಲಿ ಬೆಲೆಯಿಲ್ಲ. ಮಧ್ಯಂತರದಲ್ಲಿ ಅವರು ಪರದೆಯ ಹಿಂದೆ ಬಂದರೆ ಚಹಾ ಕೊಡಬೇಕು, ಬಣ್ಣದ ಡಬ್ಬಿ ಮುಚ್ಚಿಡಬೇಕು. ಈರಣ್ಣನ ಪಾತ್ರಧಾರಿ ಬಂದಿಲ್ಲವೆಂದು ಯಾರೂ ಅವರ ಮುಂದೆ ಬಾಯಿಬಿಡಬಾರದು.