ಟೈಮಾಫೀಸ್ ಯಜಮಾನ್ರು

ಊರಿಗೊಬ್ಬ ಪಟೇಲ, ಕೇರಿಗೊಬ್ಬಳು ಗಯ್ಯಾಳಿ ಇದ್ದ ಹಾಗೆ ಬೆಂಗಳೂರಿನ ಪ್ರತಿ ಬಸ್ ಸ್ಟಾಪಿಗೂ ಒಬ್ಬರು ಯಜಮಾನರು ಇರುತ್ತಾರೆ. ಅವರನ್ನು ಯಾರೂ ನೇಮಿಸಿದ್ದಲ್ಲ. ಸಂಬಳವಿಲ್ಲ, ಖಾಕಿಯಿಲ್ಲ, ಬಿಲ್ಲೆಯಿಲ್ಲ. ಆದರೂ ಹೊಸಬರು ಸ್ಟಾಪಿಗೆ ಬಂದು ನಿಂತ ಎರಡೇ ನಿಮಿಷಕ್ಕೆ ಕಂಬದ ಬೋರ್ಡು ಬಿಟ್ಟು ಅವರ ಮುಖ ನೋಡತೊಡಗುತ್ತಾರೆ. ಬೋರ್ಡು ಹೇಳುವುದು ಹಿಂದೆ ಬರುತ್ತಿದ್ದ ಬಸ್ಸುಗಳನ್ನು. ಯಜಮಾನರು ಹೇಳುವುದು ಈಗ ಬಾರದ ಬಸ್ಸುಗಳನ್ನು.

ಕೋಗಿಲು ಕ್ರಾಸಿನಲ್ಲಿ ಬಳ್ಳಾರಿ ರಸ್ತೆ ಬಿಟ್ಟು ಊರೊಳಕ್ಕೆ ತಿರುಗಿದರೆ ಸಿಗುವ ಸ್ಟಾಪಿನಲ್ಲಿ ಈ ಹುದ್ದೆಯನ್ನು ಅಲಂಕರಿಸಿರುವವರಿಗೆ ಟೈಮಾಫೀಸ್ ಯಜಮಾನ್ರು ಎಂದೇ ಹೆಸರು. 1984ರಲ್ಲಿ ಯಲಹಂಕದ ವೀಲ್ ಫ್ಯಾಕ್ಟರಿ ಶುರುವಾದ ಹೊಸದರಲ್ಲಿ ಸೇರಿ, ಟೈಮ್ ಆಫೀಸಿನಲ್ಲಿ ಕೂತು, ರೈಲಿನ ಗಾಲಿ ಎರಕ ಹೊಯ್ಯುವವರ ಹಾಜರಿ ಬರೆದು ಬರೆದು ನಿವೃತ್ತರಾದವರು. ಮನೆಗೆ ಬಂದ ಮೇಲೆ ಹಾಜರಿ ಹಾಕಲು ಮನುಷ್ಯರು ಸಿಗಲಿಲ್ಲ. ಹೆಂಡತಿಯ ಮೇಲೆ ಎರಡು ದಿನ ಪ್ರಯೋಗ ಮಾಡಿ ನೋಡಿದರಂತೆ. ಮೂರನೆಯ ದಿನ ಕಾಫಿಗೆ ಲೇಟ್ ಮಾರ್ಕ್ ಹಾಕಿದ್ದಕ್ಕೆ ಆಕೆ ಕಾಫಿಯನ್ನೇ ಆಬ್ಸೆಂಟ್ ಮಾಡಿದರಂತೆ. ಅಂದಿನಿಂದ ಯಜಮಾನರು ಬಸ್ಸುಗಳ ಕಡೆ ತಿರುಗಿದರು.

ಬೆಳಿಗ್ಗೆ ಆರೂವರೆಗೆ ಅವರ ಡ್ಯೂಟಿ ಶುರು. ಅರ್ಧ ತೋಳಿನ ಬಿಳಿ ಷರಟು, ಜೇಬಿನಲ್ಲಿ ನೀಲಿ ಪೆನ್ನು ಒಂದು, ಕೆಂಪು ಪೆನ್ನು ಒಂದು. ಕಂಕುಳಲ್ಲಿ ಎಲ್ಐಸಿ ಡೈರಿ. ಕೈಯಲ್ಲಿ ಎಚ್ಎಂಟಿ ವಾಚು. ಆ ವಾಚು ಮಾಡಿದ ಕಾರ್ಖಾನೆಯೇ ಮುಚ್ಚಿಹೋಯಿತು, ಇವರ ಕೈಯಲ್ಲಿರುವುದು ಮಾತ್ರ ನಿಂತಿಲ್ಲ. ಡೈರಿಯಲ್ಲಿ ಮೂರು ಕಾಲಂ: ಪ್ರೆಸೆಂಟ್, ಲೇಟ್, ಆಬ್ಸೆಂಟ್. ಐದು ನಿಮಿಷದವರೆಗೆ ವಿನಾಯಿತಿ ಉಂಟು, ಫ್ಯಾಕ್ಟರಿಯಲ್ಲೂ ಅಷ್ಟೇ ಇತ್ತು. ಸತತ ಮೂರು ದಿನ ಬಾರದ ಬಸ್ಸಿಗೆ ಕೆಂಪು ಶಾಯಿಯಲ್ಲಿ ‘ಕಾರಣ ಕೇಳಿ ನೋಟಿಸ್’. ಹದಿನೈದು ದಿನ ಬರದಿದ್ದರೆ ‘ಅನಧಿಕೃತ ಗೈರು’. ತಿಂಗಳು ದಾಟಿದರೆ ಅಡ್ಡಗೆರೆ ಎಳೆದು ‘ಸ್ವಯಂ ನಿವೃತ್ತಿ’ ಎಂದು ಬರೆದು ಸಣ್ಣ ಸಹಿ ಹಾಕುತ್ತಾರೆ. ಹೀಗೆ ಬೀಳ್ಕೊಡುಗೆ ಸಮಾರಂಭವಿಲ್ಲದೆ ನಿವೃತ್ತವಾದ ಟ್ರಿಪ್ಪುಗಳು ಆ ಡೈರಿಯಲ್ಲಿ ಬೇಕಾದಷ್ಟಿವೆ.

ಬಸ್ಸು ಕಡಿಮೆಯಾಗುವ ಬಗ್ಗೆ ಅವರದೊಂದು ಸಿದ್ಧಾಂತವಿದೆ. ಕೇಳುವವರು ಸಿಕ್ಕರೆ ಮೊದಲಿಂದ ಹೇಳುತ್ತಾರೆ, ಸಿಗದಿದ್ದರೆ ಕೊನೆಯಿಂದ.

“ಬಸ್ಸು ಒಂದೇ ಸಲ ನಿಲ್ಲೋಲ್ಲ ಕಣಪ್ಪ. ನಿಂತ್ರೆ ಜನ ರಸ್ತೆಗೆ ಕಲ್ಲು ಅಡ್ಡ ಇಡ್ತಾರೆ, ಟೀವಿಯವರು ಬರ್ತಾರೆ. ಅದಕ್ಕೇ ಮೆಲ್ಲಗೆ ಜಾರಿಕೊಳ್ತದೆ. ಮೊದಲು ಭಾನುವಾರ ಬರೋಲ್ಲ. ಭಾನುವಾರ ಅಲ್ವಾ ಅಂತ ನಾವೂ ಸುಮ್ಮನಾಗ್ತೀವಿ. ಆಮೇಲೆ ಬೇಸಿಗೆ ರಜದಲ್ಲಿ ಬರೋಲ್ಲ. ಸ್ಕೂಲಿಲ್ಲ ಅಲ್ವಾ ಅಂತೀವಿ. ಜೂನಿನಲ್ಲಿ ಮಕ್ಕಳ ರಜ ಮುಗೀತದೆ, ಬಸ್ಸಿನ ರಜ ಮುಗಿಯೋಲ್ಲ. ಆಮೇಲೆ ರಾತ್ರಿ ಕೊನೇ ಟ್ರಿಪ್ಪು. ಅದರಲ್ಲಿ ಬರೋರು ನಾಲ್ಕೇ ಜನ, ಆ ನಾಲ್ಕು ಜನ ಒಬ್ಬರಿಗೊಬ್ಬರು ಪರಿಚಯ ಇರೋಲ್ಲ. ಕೊನೆಗೆ ಊರೊಳಗೆ ಬರ್ತಿದ್ದದ್ದು ಕ್ರಾಸಲ್ಲೇ ತಿರುಗಿಸ್ಕೊಂಡು ಹೋಗ್ತದೆ. ನಂಬರ್ ಅದೇ, ಬೋರ್ಡ್ ಅದೇ, ಬಣ್ಣ ಅದೇ. ಊರು ಮಾತ್ರ ಇಲ್ಲ.”

ಯಜಮಾನರೊಬ್ಬರೇ ಇದನ್ನು ಕಂಡುಹಿಡಿಯುತ್ತಾರೆ ಎಂದುಕೊಳ್ಳಬೇಡಿ. ಸ್ಟಾಪಿನಲ್ಲಿ ಎಲ್ಲರಿಗೂ ಅವರವರ ಅಳತೆಗೋಲು ಇದೆ. ಹೂವಿನಮ್ಮನಿಗೆ ಬುಟ್ಟಿಯಲ್ಲಿ ಉಳಿದ ಮೊಳಗಳೇ ಲೆಕ್ಕ; ಎಂಟು ಗಂಟೆಗೆ ನಾಲ್ಕು ಮೊಳ ಹೆಚ್ಚು ಉಳಿದರೆ ಏಳೂ ಮುಕ್ಕಾಲರ ಬಸ್ಸು ಬರಲಿಲ್ಲವೆಂದೇ ಅರ್ಥ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರಿಗೆ ತಿಂಗಳ ಕೊನೆಯ ಸಂಬಳದ ಚೀಟಿ ಹೇಳುತ್ತದೆ. ಕಟ್ಟಿಗೇನಹಳ್ಳಿ ಕಡೆಯ ಕಾಲೇಜಿಗೆ ಹೋಗುವ ಹುಡುಗರಿಗೆ ಅಟೆಂಡೆನ್ಸ್ ಶೇ. 75ಕ್ಕಿಂತ ಕೆಳಗಿಳಿದಾಗ ಗೊತ್ತಾಗುತ್ತದೆ. ಅವರಲ್ಲಿ ಕೆಲವರಿಗೆ ಬಸ್ಸು ಬಂದರೂ ಇಳಿಯುತ್ತದೆ, ಆ ಮಾತು ಬೇರೆ. ಎಲ್ಲರಿಗಿಂತ ಮೊದಲು ಸುಳಿವು ಸಿಗುವುದು ಆಟೊದವರಿಗೆ. ಎಂದೂ ಇಲ್ಲದ ಶೇರ್ ಆಟೊ ಸ್ಟಾಪಿನ ಪಕ್ಕ ಬಂದು, “ಕ್ರಾಸ್, ಕ್ರಾಸ್, ಯಲಂಕಾ” ಎಂದು ಕೂಗತೊಡಗಿದರೆ ಯಜಮಾನರು ಡೈರಿ ತೆಗೆದು ಕೆಂಪು ಪೆನ್ನಿನ ಕ್ಯಾಪು ಬಿಚ್ಚುತ್ತಾರೆ.

ಇನ್ನೊಂದು ಲಕ್ಷಣ ಕಂಡಕ್ಟರ ಬಾಯಿಂದಲೇ ಬರುತ್ತದೆ. ಎರಡು ಬಸ್ಸಿನ ಜನ ಒಂದರಲ್ಲಿ ತುಂಬಿ, ಫುಟ್‌ಬೋರ್ಡಿನ ಮೇಲೆ ಕಾಲಿಡಲು ಜಾಗವಿಲ್ಲದಾಗ, “ಹಿಂದ್ಗಡೆ ಖಾಲಿ ಬಸ್ ಬರ್ತಾ ಇದೆ, ಅದ್ರಲ್ಲಿ ಬನ್ನಿ” ಎನ್ನುತ್ತಾನಲ್ಲ, ಆ ಬಸ್ಸಿಗೆ ಯಜಮಾನರು ಡೈರಿಯ ಕೊನೆಯ ಪುಟದಲ್ಲಿ ಪ್ರತ್ಯೇಕ ಖಾತೆ ತೆರೆದಿದ್ದಾರೆ. ಇಷ್ಟು ವರ್ಷಗಳಲ್ಲಿ ಅಲ್ಲಿ ಒಂದು ಪ್ರೆಸೆಂಟೂ ಬಿದ್ದಿಲ್ಲ.

ಕಾಲೇಜು ಹುಡುಗನೊಬ್ಬ ಒಮ್ಮೆ ಮೊಬೈಲು ತೋರಿಸಿದ. “ತಾತ, ಡೈರಿ ಯಾಕೆ? ಆ್ಯಪ್‌ನಲ್ಲೇ ಬಸ್ ಎಲ್ಲಿದೆ ಅಂತ ಬರುತ್ತೆ. ನೋಡಿ, ಎರಡು ನಿಮಿಷ.” ಯಜಮಾನರು ವಾಚು ನೋಡಿಕೊಂಡರು. ಎರಡು ನಿಮಿಷವಾಯಿತು, ಹತ್ತಾಯಿತು. ಪರದೆಯ ಮೇಲೆ ಬಸ್ಸು ಅವರಿಬ್ಬರನ್ನೂ ದಾಟಿಕೊಂಡು ಮುಂದೆ ಹೋಯಿತು. ಯಜಮಾನರು ಗಂಭೀರವಾಗಿ ಹೇಳಿದರು: “ಬೇರೆಯವರ ಕಾರ್ಡು ಇವನು ಪಂಚ್ ಮಾಡಿದಾನೆ. ನಮ್ಮಲ್ಲಾದ್ರೆ ಇದಕ್ಕೆ ಸಸ್ಪೆಂಡು.”

ಹುಡುಗ ಸೋಲಲಿಲ್ಲ. ಬಿಎಂಟಿಸಿಯಲ್ಲಿ ಈಗ ಸುಮಾರು 7,000 ಬಸ್ಸುಗಳಿವೆ, ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣವಾಗುತ್ತದೆ, ಹೊಸ ಎಲೆಕ್ಟ್ರಿಕ್ ಬಸ್ಸುಗಳು ಬರುತ್ತಲೇ ಇವೆ, ಕಡಿಮೆಯಾಗುವುದೆಲ್ಲಿ ಎಂದು ಅಂಕಿಅಂಶ ಒಪ್ಪಿಸಿದ. ಯಜಮಾನರು ಹುಡುಗನ ಬೆನ್ನು ತಟ್ಟಿದರು. “ಮಗಾ, ನೀನು ಹೇಳ್ತಿರೋದು ಮಸ್ಟರ್ ರೋಲು. ನಾನು ಕೇಳ್ತಿರೋದು ಈ ಶಿಫ್ಟಿಗೆ ಯಾರು ಬಂದ್ರು ಅಂತ.”

ಇಷ್ಟು ನಿಖರವಾಗಿ ಮಾತಾಡುವವರು ದಿಗ್ಭ್ರಮೆಗೊಂಡದ್ದು ಒಮ್ಮೆ ಮಾತ್ರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ನಗರದ ಬಸ್ಸುಗಳೆಲ್ಲ ಡಿಪೊ ಸೇರಿದಾಗ ಅವರು ಡೈರಿಯಲ್ಲಿ ಇಡೀ ಪುಟಕ್ಕೆ ‘ಲಾಕೌಟ್’ ಎಂದು ಬರೆದರು. ಮೇ 19ರಂದು ಬಸ್ಸುಗಳು ಮತ್ತೆ ಹೊರಟವು. ಗೇಟು ತೆರೆದ ಮೇಲೆ ಹಳಬರೆಲ್ಲ ಕೆಲಸಕ್ಕೆ ಮರಳಬೇಕಲ್ಲ? ಮರಳಲಿಲ್ಲ. ಕೆಲವು ಟ್ರಿಪ್ಪುಗಳು ಆ ದೊಡ್ಡ ಗದ್ದಲದ ಮರೆಯಲ್ಲಿ ಸದ್ದಿಲ್ಲದೆ ಮನೆಗೆ ಹೋಗಿಬಿಟ್ಟಿದ್ದವು. ಎಲ್ಲ ಬಸ್ಸು ನಿಂತದ್ದು ಊರಿಗೆಲ್ಲ ಗೊತ್ತು. ಯಾವುದು ವಾಪಸು ಬರಲಿಲ್ಲ ಎಂಬುದು ಡೈರಿಗೆ ಮಾತ್ರ ಗೊತ್ತು.

2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ಯಜಮಾನರ ಹೆಂಡತಿಗೆ ಟಿಕೆಟ್ಟು ಶೂನ್ಯ, ಇವರದಕ್ಕೆ ಹಿರಿಯ ನಾಗರಿಕರ ಶೇ. 25ರ ರಿಯಾಯಿತಿ. “ಅವಳು ಫ್ರೀ, ನಾನು ಮುಕ್ಕಾಲು. ಕಾಯೋದು ಮಾತ್ರ ಇಬ್ಬರಿಗೂ ಫುಲ್ ಚಾರ್ಜು” ಎಂದು ಅವರು ಹೇಳಿದ್ದನ್ನು ಸ್ಟಾಪಿನಲ್ಲಿ ಎಲ್ಲರೂ ಬಳಸುತ್ತಾರೆ. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ, “ಫ್ರೀ ಅಲ್ವೇನಮ್ಮಾ, ಲೇಟಾದ್ರೆ ಏನಾಯ್ತು?” ಎಂದು ಹೂವಿನಮ್ಮನನ್ನು ಹಂಗಿಸಿದ. ಆಕೆ ತಲೆ ಎತ್ತದೆ ಮಾಲೆ ಕಟ್ಟುತ್ತಲೇ, “ಫ್ರೀ ಆಗಾಕಾದ್ರೂ ಮೊದ್ಲು ಬರ್ಬೇಕಲ್ಲಪ್ಪ” ಎಂದಳು. ಯಜಮಾನರು ಅದಕ್ಕೆ ಅಡಿಟಿಪ್ಪಣಿ ಸೇರಿಸಿದರು: ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡುತ್ತದೆ, ಮಷೀನಿನಿಂದ ಟಿಕೆಟ್ಟು ಹರಿದರೇನೇ ಲೆಕ್ಕ, ಬಸ್ಸೇ ಬಾರದೆ ವಾಪಸು ಹೋದ ಹೆಂಗಸು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಈ ಲೆಕ್ಕದ ವಿಷಯಕ್ಕೆ ಬಂದರೆ ಯಜಮಾನರ ದನಿ ಏರುತ್ತದೆ. ಸಾರಿಗೆಯವರಿಗೆ ಕಿಲೋಮೀಟರಿಗೆ ಎಷ್ಟು ಗಳಿಕೆ ಎಂಬುದೇ ಒಂದು ಮುಖ್ಯ ಅಳತೆ, ಇಪಿಕೆಎಂ ಎನ್ನುತ್ತಾರೆ. ಅರ್ಧ ಗಂಟೆಗೊಂದು ಬಸ್ಸಿದ್ದಾಗ ಜನ ಕಾಯುತ್ತಾರೆ. ಗಂಟೆಗೊಂದಾದರೆ ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾರೆ. ಜನ ಕಡಿಮೆಯಾದರು, ಗಳಿಕೆ ಬಿತ್ತು ಎಂದು ಆ ಗಂಟೆಗೊಂದೂ ಹೋಗುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ಹೆಚ್ಚಿನವು ದ್ವಿಚಕ್ರ. “ಅದರಲ್ಲಿ ನನ್ನ ಮಗನದೂ ಒಂದು. ಬಸ್ಸು ಬಿಡಿಸಿದೋರು ಯಾರು? ಬಸ್ಸಿನೋರೇ” ಎನ್ನುತ್ತಾರೆ.

ಆದರೆ ಹೀಗೆ ಅಪರಾಧಿಯನ್ನು ಹಿಡಿದೇಬಿಟ್ಟೆ ಎಂದು ಬೀಗುತ್ತಿದ್ದವರಿಗೆ ಒಬ್ಬ ಡ್ರೈವರು ತಣ್ಣೀರೆರಚಿದ. ಟೀ ಅಂಗಡಿಯಲ್ಲಿ ಯಜಮಾನರು ಡೈರಿ ಬಿಚ್ಚಿ, ಹನ್ನೊಂದು ಗಂಟೆಯ ಟ್ರಿಪ್ಪನ್ನು ಕಟ್ ಮಾಡಿದ ಅಧಿಕಾರಿ ಯಾರು ಎಂದು ವಿಚಾರಣೆ ಶುರುಮಾಡಿದ್ದರು. ಡ್ರೈವರು ಬನ್ನು ಅದ್ದುತ್ತ ಹೇಳಿದ: “ಯಾರೂ ಕಟ್ ಮಾಡಿಲ್ಲ ಸಾ. ಎಂಟು ಗಂಟೆ ಡ್ಯೂಟಿ. ಮೊದ್ಲು ಅಷ್ಟರಲ್ಲಿ ಆರು ಟ್ರಿಪ್ ಹೊಡೀತಿದ್ದೆ. ಈಗ ಮೇಖ್ರಿ ಸರ್ಕಲ್ ದಾಟಿ ಹೆಬ್ಬಾಳಕ್ಕೆ ಬಂದ್ರೆ ಅಲ್ಲೇ ಒಂದು ಟ್ರಿಪ್ ಕರಗೋಯ್ತದೆ. ಒಂದ್ ಕಡೆ ಮೆಟ್ರೋ ಕೆಲ್ಸ, ಒಂದ್ ಕಡೆ ಜಾಮು. ಫಾರಂ ನಾಲ್ಕರಲ್ಲಿ ಟೈಮು ಜಾಸ್ತಿ ಮಾಡಿದ್ರೆ ಟ್ರಿಪ್ ಕಮ್ಮಿ ಆಗ್ತದೆ, ಮಾಡದೇ ಇದ್ರೆ ನಾನು ಲೇಟ್ ಆಗ್ತೀನಿ. ಹೆಂಗೂ ನಿಮ್ಮ ಹನ್ನೊಂದು ಗಂಟೆ ಹೋಗ್ತದೆ.”

ಫಾರಂ ನಾಲ್ಕು ಎಂದರೆ ಡಿಪೊದಲ್ಲಿ ಪ್ರತಿ ಶೆಡ್ಯೂಲಿನ ಟ್ರಿಪ್ಪು, ಹೊತ್ತು, ದೂರ ಬರೆದಿಟ್ಟ ಜಾತಕ. ಬಸ್ಸು ಅದೇ, ಸಿಬ್ಬಂದಿ ಅದೇ, ಡೀಸೆಲ್ಲೂ ಖರ್ಚಾಗುತ್ತದೆ, ಆದೇಶ ಹೊರಡಿಸಿದವರಿಲ್ಲ, ಆದರೂ ಒಂದು ಬಸ್ಸು ಕಡಿಮೆ. ಯಜಮಾನರು ಅಂದು ಟೀ ಪೂರ್ತಿ ಕುಡಿಯಲಿಲ್ಲ. ತಪ್ಪಿತಸ್ಥನೇ ಇಲ್ಲದ ಗೈರುಹಾಜರಿಗೆ ಟೈಮಾಫೀಸಿನಲ್ಲಿ ಕಾಲಂ ಇರಲಿಲ್ಲ. ಮರುದಿನ ಯೋಚಿಸಿ ಬರೆದರು: ‘ಓಡಿ — ಹೆಬ್ಬಾಳ’. ಅಂದರೆ ಹೊರಗಡೆ ಡ್ಯೂಟಿಯ ಮೇಲೆ ಹೆಬ್ಬಾಳದಲ್ಲಿದ್ದಾರೆ ಎಂದರ್ಥ.

ಅವರ ತಾಳ್ಮೆಗೆ ಸವಾಲಾಗುವುದು ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ, ಬಳ್ಳಾರಿ ರಸ್ತೆಯಲ್ಲಿ ಸಂಚಾರ ಬದಲಾಗುತ್ತದೆ. ನೆತ್ತಿಯ ಮೇಲೆ ಸೂರ್ಯಕಿರಣ ತಂಡದ ವಿಮಾನಗಳು ಒಂಬತ್ತೂ ಒಟ್ಟಿಗೆ, ಸೆಕೆಂಡು ತಪ್ಪದೆ ಹಾಜರಾಗುತ್ತವೆ. ನೆಲದ ಮೇಲೆ ಒಂದು ಬಸ್ಸಿಲ್ಲ. ಯಜಮಾನರು ಮೇಲೆ ನೋಡಿ, ಬೇರೆ ದಾರಿಯಿಲ್ಲದೆ, ಅವಕ್ಕೇ ಪ್ರೆಸೆಂಟ್ ಹಾಕುತ್ತಾರೆ.

ಇಷ್ಟೆಲ್ಲ ದಾಖಲೆ ಇಟ್ಟುಕೊಂಡು ಅವರು ಒಂದು ಅರ್ಜಿಯನ್ನೂ ಹಾಕಿಲ್ಲ ಎಂಬುದು ಈ ಜಾತಿಯ ಯಜಮಾನರೆಲ್ಲರ ಮುಖ್ಯ ಗುಣ. ಹತ್ತು ರೂಪಾಯಿ ಕಟ್ಟಿದರೆ ಮಾಹಿತಿ ಹಕ್ಕಿನಲ್ಲಿ ಫಾರಂ ನಾಲ್ಕನ್ನೇ ಕೇಳಬಹುದು ಎಂದು ಹುಡುಗ ಅರ್ಜಿ ಬರೆದು ತಂದ. ಯಜಮಾನರು ಎರಡು ಕಾಗುಣಿತ ತಪ್ಪು ತಿದ್ದಿ, “ಇನ್ನೊಂದು ತಿಂಗಳ ಲೆಕ್ಕ ಸೇರಲಿ, ಪಕ್ಕಾ ಆಗ್ತದೆ” ಎಂದು ಡೈರಿಯೊಳಗಿಟ್ಟರು. ಅದು ಅಲ್ಲೇ ಇದೆ. ನಿಜ ಹೇಳಬೇಕೆಂದರೆ ಅವರಿಗೆ ಹೋಗಬೇಕಾದ ಊರೇ ಇಲ್ಲ. ಬಸ್ಸು ಬಂದರೆ ಸಂತೋಷ, ಬಾರದಿದ್ದರೆ “ನಾನು ಹೇಳಿರಲಿಲ್ವಾ?” ಎನ್ನುವ ಸಂತೋಷ. ಎರಡನೆಯದೇ ಒಂದು ತೂಕ ಹೆಚ್ಚು. ಹೆಂಡತಿಗೂ ಇದು ಗೊತ್ತು. “ನಿಲ್ಲಿಸಿದ ಬಸ್ಸೆಲ್ಲಾ ನಾಳೆ ಬಂದ್ಬಿಟ್ರೆ ಇವರು ಮನೇಲಿ ಕೂತ್ಕೋಬೇಕಾಗುತ್ತಲ್ಲಮ್ಮಾ” ಎಂದು ಹೂವಿನಮ್ಮನ ಹತ್ತಿರ ಆತಂಕ ತೋಡಿಕೊಂಡಿದ್ದಾರೆ.

ನಗುವುದಾದರೆ ನಗಿ, ಡೈರಿಯನ್ನು ನೋಡಿ ಮಾತ್ರ ನಗಬೇಡಿ. ಹೊಸ ಬಸ್ಸಿಗೆ ವಿಧಾನಸೌಧದ ಮುಂದೆ ಹಸಿರು ಬಾವುಟ ಬೀಸುತ್ತಾರೆ, ಬಾಳೆಕಂಬ ಕಟ್ಟುತ್ತಾರೆ, ಫೋಟೊ ಬರುತ್ತದೆ. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿದಾಗ ಅದಕ್ಕೂ ಮೊದಲೇ ಎಲ್ಲ ಪತ್ರಿಕೆಗಳಲ್ಲಿ ಸುದ್ದಿ. ಟ್ರಿಪ್ಪು ಇಳಿದಾಗ ಕೆಂಪು ಬಾವುಟ ಹಿಡಿಯುವವರಿಲ್ಲ. 2010ರ ಫೆಬ್ರುವರಿ 4ರಂದು ಶುರುವಾಗಿ ತಿಂಗಳು ತಿಂಗಳೂ ಆಚರಿಸಬೇಕೆಂದಿದ್ದ ‘ಬಸ್ ದಿನ’ದ ಸದ್ದೂ ಹೀಗೇ ಅಡಗಿತು, ನಿಂತದ್ದು ಯಾವ ತಿಂಗಳು ಎಂದು ಕೇಳಿದರೆ ಹೇಳುವವರು ಬೇಕಲ್ಲ?

ಯಜಮಾನರ ಬೇಡಿಕೆ ದೊಡ್ಡದೇನಲ್ಲ. ಬಸ್ಸು ಕೊಡುವುದಾದರೆ ಕೊಡಲಿ. ಕೊಡಲಾಗದಿದ್ದರೆ ಯಾವ ಟ್ರಿಪ್ಪು, ಯಾವತ್ತಿನಿಂದ, ಯಾತಕ್ಕೆ ಇಲ್ಲ ಎಂದು ಒಂದು ಹಾಳೆ ಬರೆದು ಸ್ಟಾಪಿನ ಕಂಬಕ್ಕೆ ಅಂಟಿಸಲಿ. ಖರ್ಚು ಒಂದು ಹಾಳೆ, ಒಂದಿಷ್ಟು ಗೋಂದು. ಅಲ್ಲಿಯವರೆಗೆ, ಓದುಗರೇ, ನಿಮ್ಮ ಸ್ಟಾಪಿನಲ್ಲೂ ಇಂಥ ಒಬ್ಬರು ನಿಂತಿರುತ್ತಾರೆ, ಅವರನ್ನೇ ಕೇಳಿ. ಪೂರ್ತಿ ಉತ್ತರ ಕೇಳಲು ಮುಕ್ಕಾಲು ಗಂಟೆ ಬೇಕಾಗುತ್ತದೆ. ಅಷ್ಟು ಪುರುಸೊತ್ತು ನಿಮಗೆ ಇದ್ದೇ ಇರುತ್ತದೆ.