ಪ್ರಕೋಷ್ಠಾಧಿವಾಸಿಭಾರಗಣನ ಮೀಮಾಂಸೆ

ಫೈಲು ನಿರ್ವಿಘ್ನವಾಗಿ ಸೇವ್ ಆಗಲೆಂದು ಗಣಪತಿಯನ್ನೂ, ಅಲ್ಲಿಯವರೆಗೆ ಕರೆಂಟು ಇರಲೆಂದು ಲೈನ್‌ಮ್ಯಾನನನ್ನೂ ನೆನೆದು, ಕೊಡಗಿನ ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಕುಳಿತು ಈ ಗ್ರಂಥವನ್ನು ಆರಂಭಿಸುತ್ತಿದ್ದೇನೆ.

ಪ್ರಮೇಯ ಇಷ್ಟು: ಒಂದು ಕೋಣೆಯಲ್ಲಿ ಎಷ್ಟು ಜನ? ಹಿಂದಿನವರು ಹೊಸ್ತಿಲಾಚೆಯ ಚಪ್ಪಲಿಗಳನ್ನು ಎಣಿಸಿ ಎರಡರಿಂದ ಭಾಗಿಸುತ್ತಿದ್ದರು. ಇದಕ್ಕೆ ಪಾದುಕಾಪದ್ಧತಿ ಎಂದು ಹೆಸರಿಟ್ಟು, ಹೆಸರಿಟ್ಟ ಮರುಕ್ಷಣವೇ ಖಂಡಿಸುತ್ತೇನೆ. ಇಂದಿನ ಪಂಡಿತರು ರೆವಿಟ್ ಎಂಬ ಕಟ್ಟಡ ನಕ್ಷೆಯ ತಂತ್ರಾಂಶದಲ್ಲಿ 'ಆಕ್ಯುಪೆಂಟ್ ಲೋಡ್ ಶೆಡ್ಯೂಲ್', ಎಂದರೆ ಕೋಣೆಗೆಷ್ಟು ಜನ ಎಂಬ ಪಟ್ಟಿ, ಬರೆಯುತ್ತಾರೆ. ಪದವಿಚಾರ: ನಮ್ಮೂರಲ್ಲಿ ಶೆಡ್ಯೂಲ್ ಎಂದರೆ ಬಸ್ಸು ಹೊರಡುವ ಹೊತ್ತು. ಲೋಡು ಎಂದರೆ ಕಾಫಿ ಹಣ್ಣು, ಸಿಲ್ವರ್ ಓಕ್ ದಿಮ್ಮಿ, ಇಲ್ಲವೇ ಬೆಳಗಾಗುತ್ತಲೇ ಕೆಲಸದವರನ್ನು ತುರುಕಿಕೊಂಡು ತೋಟಕ್ಕೆ ಓಡುವ ಜೀಪು. ಶಾಸ್ತ್ರದ ಹೆಸರು ಕೇಳಿದ ಊರವರು "ಜೀಪು ಎಷ್ಟು ಗಂಟೆಗೆ?" ಎಂದರೆ ತಪ್ಪು ಅವರದಲ್ಲ.

ಸೂತ್ರ: ವಿಸ್ತೀರ್ಣಂ ಭಾಜಕೇನ ಭಕ್ತಂ, ಶೇಷಮೂರ್ಧ್ವಗಮ್.

ವ್ಯಾಖ್ಯಾನ: ಕೋಣೆಯ ವಿಸ್ತೀರ್ಣವನ್ನು 'ತಲೆಗಿಷ್ಟು' ಎಂಬ ಅಂಕಿಯಿಂದ ಭಾಗಿಸಿ, ಕೊನೆಗೆ ಉಳಿಯುವ ಚೂರುಪಾರು ಮನುಷ್ಯನನ್ನು 'ರೌಂಡಪ್' ಮಾಡಿ ಇಡೀ ಮನುಷ್ಯನನ್ನಾಗಿಸುವುದು. ತಲೆಗೆಷ್ಟು ಎಂಬುದನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಹೇಳುತ್ತದೆ. ವಾಸದ ಮನೆಗೆ 12.5 ಚದರ ಮೀಟರ್, ಶಾಲೆಗೆ 4, ಕುರ್ಚಿ ಹಾಕಿದ ಸಭಾಂಗಣಕ್ಕೆ 0.6, ಗೋದಾಮಿಗೆ 30. ಇವನ್ನು 'ಕೀ ಶೆಡ್ಯೂಲ್' ಎಂಬ ಇನ್ನೊಂದು ಪಟ್ಟಿಯಲ್ಲಿ ತುಂಬಿಟ್ಟರೆ, ಕೋಣೆಯ ಜಾತಿ ಆರಿಸಿದ ಕೂಡಲೇ ಅದರೊಳಗೆ ಜನ ತಾವಾಗಿ ಉದ್ಭವಿಸುತ್ತಾರೆ.

ಉದ್ಭವಿಸುವ ಮುನ್ನ ಒಂದು ವಿಘ್ನವುಂಟು. ತಂತ್ರಾಂಶಕ್ಕೆ ಮಡಿ ಜಾಸ್ತಿ. ಚದರ ಮೀಟರನ್ನು ಬರಿಯ ಅಂಕಿಯಿಂದ ಭಾಗಿಸಿದರೆ ಬರುವುದು ಚದರ ಮೀಟರೇ ಹೊರತು ಮನುಷ್ಯನಲ್ಲ ಎಂದು ಹಟ ಹಿಡಿದು, ಮಾನಗಳು ಹೊಂದುತ್ತಿಲ್ಲವೆಂದು ಗದರುತ್ತದೆ. ಪ್ರಾಯಶ್ಚಿತ್ತವೆಂದರೆ ಮೊದಲು ಒಂದು ಚದರ ಮೀಟರಿನಿಂದ ಭಾಗಿಸಿ ಮೈಲಿಗೆ ಕಳೆಯುವುದು. ಒಂದರಿಂದ ಭಾಗಿಸಿದರೆ ಏನೂ ಆಗದು ಎಂದು ಶಾಲೆಯಲ್ಲಿ ಪುಕ್ಕಟೆ ಕಲಿತವರು, ಆಗುತ್ತದೆ ಎಂದು ಕಲಿಯಲು ದುಡ್ಡು ಕಟ್ಟಿ ಒಂದು ದಿನದ ತರಬೇತಿಗೆ ಹೋಗಬೇಕು. ಹೋಗಿದ್ದೆ.

ಅಲ್ಲಿ ಕಲಿತ ವರ್ಗೀಕರಣ: ಕೋಣೆಗಳು ನಾಲ್ಕು ವಿಧ. ಒಂದು, ಸ್ಥಾಪಿತ. ಎರಡು, 'ನಾಟ್ ಪ್ಲೇಸ್ಡ್': ಪಟ್ಟಿಯಲ್ಲಿದ್ದೂ ಭೂಮಿಯ ಮೇಲಿಲ್ಲದ್ದು. ವಸತಿ ಯೋಜನೆಗಳ ಬಾಗಿಲು ತಟ್ಟಿದವರಿಗೆ ಇದರ ಪರಿಚಯವಿದೆ. ಮೂರು, 'ನಾಟ್ ಎನ್‌ಕ್ಲೋಸ್ಡ್': ಎಲ್ಲೋ ಗೋಡೆ ಕೂಡಿಕೊಳ್ಳದೆ ವಿಸ್ತೀರ್ಣ ಲೆಕ್ಕಕ್ಕೆ ಸಿಗದ್ದು. 2019ರ ಆಗಸ್ಟ್‌ನಲ್ಲಿ ಕಾವೇರಿ ಒಳನುಗ್ಗಿ ಹೋದ ಮೇಲೆ ನಮ್ಮೂರ ಬೆಟ್ಟದಕಾಡು, ಕುಂಬಾರಗುಂಡಿಗಳಲ್ಲಿ ಅರೆಗೋಡೆ ಹೊತ್ತು ನಿಂತ ಮನೆಗಳೆಲ್ಲ ಈ ಜಾತಿಯವು. ನಾಲ್ಕು... ಇರಲಿ, ಆಮೇಲೆ ನೋಡೋಣ.

ಇನ್ನು ಐನ್‌ಮನೆಗೆ, ಅಂದರೆ ಕೊಡವ ಒಕ್ಕದ (ಕುಲದ) ಮೂಲಮನೆಗೆ, ಯಾವ ಅಂಕಿ ಎಂದು ಸಂಹಿತೆ ಹೇಳುವುದಿಲ್ಲ. ವರ್ಷವಿಡೀ ಇಬ್ಬರು ಮುದುಕರು, ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಇಡೀ ಒಕ್ಕ. ಗತಿಸಿದ ಹಿರಿಯರಿಗೂ ಎಡೆ ಇಡುತ್ತಾರಾದ್ದರಿಂದ ಅವರನ್ನು ರೌಂಡಪ್ ಮಾಡಬೇಕೋ ಬೇಡವೋ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

ಶಾಲೆಯ ಕೋಣೆಗೆ ಬರೋಣ. ಇಪ್ಪತ್ತಡಿಗೆ ಇಪ್ಪತ್ತಡಿ, ಅಂದರೆ 37.16 ಚದರ ಮೀಟರ್. 'ಶಾಲೆ' ಎಂದರೆ 10 ಜನ. 'ಸಭಾಂಗಣ' ಎಂದರೆ 62. 'ವಾಸ' ಎಂದರೆ 3. 'ಗೋದಾಮು' ಎಂದರೆ 2. ಗೋಡೆ ಅದೇ, ಕಿಟಕಿ ಅದೇ, ಸೋರುವ ಹೆಂಚೂ ಅದೇ. ಆ ಆಗಸ್ಟ್‌ನಲ್ಲಿ ನಮ್ಮ ಕಡೆ ಶಾಲೆಗಳು ಪರಿಹಾರ ಕೇಂದ್ರಗಳಾಗಿ, ಬೆಂಚು ಒತ್ತರಿಸಿ ಚಾಪೆ ಹಾಸಿ ಜನ ಮಲಗಿದ್ದರಲ್ಲ, ಅದು ಯಾವ ಜಾತಿ? ಪಟ್ಟಿಯಲ್ಲಿ 'ನಿರಾಶ್ರಿತ' ಎಂಬ ಸಾಲೇ ಇಲ್ಲ. ಒದ್ದೆ ಕಂಬಳಿಗೆ ತಲೆಗೆಷ್ಟು ಚದರ ಮೀಟರ್ ಬೇಕೆಂದು ಯಾವ ಮಹಾಶಯನೂ ಬರೆದಿಲ್ಲ.

ಇಲ್ಲಿ ಒಂದು ಮಾತನ್ನು ನಗದೇ ಹೇಳಬೇಕು. ಈ ಲೆಕ್ಕ ಹುಟ್ಟಿದ್ದು ಪ್ರಾಣ ಉಳಿಸಲಿಕ್ಕೆ. ಎಷ್ಟು ಜನ ಓಡಬೇಕು ಎಂದು ಗೊತ್ತಾದರೆ ಬಾಗಿಲು, ಮೆಟ್ಟಿಲು ಎಷ್ಟು ಅಗಲ ಬೇಕೆಂದು ಗೊತ್ತಾಗುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿ, ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ಸತ್ತವರು ಒಂಬತ್ತು ಮಂದಿ. ಅಂಕಿಯ ಮೇಲೆ ನನಗೆ ಸಿಟ್ಟಿಲ್ಲ. ತಲೆ ಎಣಿಸದೆ ಬೋರ್ಡು ಓದಿ ಉತ್ತರ ಬರೆಯುವ ಗತ್ತಿನ ಮೇಲೆ ಸಿಟ್ಟು.

ಏಕೆಂದರೆ ನಾನು ಒಂದು ಲೈನ್ ಮನೆಯನ್ನು ಅಳೆದಿದ್ದೇನೆ. ತೋಟದ ಕೆಲಸದವರಿಗೆ ಮಾಲೀಕರು ಮನೆ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಹೇಳುತ್ತಿತ್ತು, ಕೊಟ್ಟಿದ್ದರು. ಹತ್ತಡಿಗೆ ಹತ್ತಡಿ, 9.29 ಚದರ ಮೀಟರ್. 12.5ರಿಂದ ಭಾಗಿಸಿದರೆ 0.74 ಮನುಷ್ಯ. ರೌಂಡಪ್ ಮಾಡಿದರೆ ಒಬ್ಬ. ಒಳಗಿದ್ದವರು ಏಳು. ಒಂದೇ ಬಾಗಿಲು, ಒಲೆ ಬಾಗಿಲ ಪಕ್ಕದಲ್ಲೇ. ನಡುವೆ ಹಗ್ಗ ಕಟ್ಟಿ ಹಳೆಯ ಸೀರೆ ಇಳಿಬಿಟ್ಟಿದ್ದರು. ಆಚೆಗೆ ಒಂದು ಸಂಸಾರ, ಈಚೆಗೆ ಒಂದು.

ನಾಲ್ಕನೆಯ ವಿಧವನ್ನು ಬಾಕಿ ಉಳಿಸಿದ್ದೆ. ಅದರ ಹೆಸರು 'ರಿಡಂಡೆಂಟ್ ರೂಮ್'. ಒಂದೇ ಸುತ್ತುಗೋಡೆಯೊಳಗೆ ಎರಡು ಕೋಣೆ ಗುರುತಿಸಿದರೆ, ಎರಡನೆಯದು ಹೆಚ್ಚುವರಿ ಎಂದು ತಂತ್ರಾಂಶ ಎಚ್ಚರಿಸುತ್ತದೆ. ಸೀರೆಯನ್ನು ಅದು ಗೋಡೆ ಎಂದು ಒಪ್ಪುವುದಿಲ್ಲ.

ತರಬೇತಿಯ ದಿನ ಕೈ ಎತ್ತಿ ಕೇಳಿದೆ, ಇಂಥ ಮನೆಗೆ ಕೀ ಶೆಡ್ಯೂಲಿನಲ್ಲಿ ಏನು ಬರೆಯುವುದು ಎಂದು. ಉಪನ್ಯಾಸಕರು ಒಂದು ಕ್ಷಣ ಪರದೆ ನೋಡಿದರು.

"ಅದನ್ನ ರೂಮ್ ಅಂತ ಪ್ಲೇಸ್ ಮಾಡ್ಲೇಬೇಡಿ ಸಾರ್. ಟೋಟಲ್ ಕೆಟ್ಟೋಗುತ್ತೆ."

ಅಷ್ಟರಲ್ಲಿ ಕಾಫಿ ಬಂತು.